ಗಣೇಶನ ಪಟ್ಟಿ, ಚುನಾವಣೆ ಪಟ್ಟಿ

ಹುಬ್ಬಳ್ಳಿ ಕೇಶ್ವಾಪುರದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಬಿಲ್ಡರುಗಳ ದುಡ್ಡಿನಲ್ಲಿ ವಾರ್ಡಿನ ಚುನಾವಣೆ ನಡೆಯುತ್ತದೆ, ಆಮೇಲೆ ಅವರ ಫೈಲು ಓಡುತ್ತದೆ ಅಂತ ಹೋದ ಸಂಚಿಕೆಯಲ್ಲಿ ನಾನು ಬರೆದದ್ದು ಅವರಿಗೆ ಸರಿ ಬಂದಿಲ್ಲ. ಪತ್ರದ ತಿರುಳು ಇಷ್ಟು: “ಬಿಲ್ಡರ್ ಆದವನು ಗಣೇಶನ ಹಬ್ಬಕ್ಕೂ ಪಟ್ಟಿ (ವಂತಿಗೆ) ಕೊಡ್ತಾನೆ, ಜಾತ್ರೆಗೂ ಕೊಡ್ತಾನೆ, ಚುನಾವಣೆಗೂ ಕೊಡ್ತಾನೆ. ಪರವಾನಗಿಗೆ ಸಹಿ ಹಾಕೋರು ಅಧಿಕಾರಿಗಳು, ಕಾರ್ಪೊರೇಟರ್ ಅಲ್ಲ. ಒಂದಕ್ಕೊಂದು ನಂಟು ಇದೆ ಅನ್ನೋಕೆ ನಿಮ್ಮಲ್ಲಿ ಪುರಾವೆ ಏನಿದೆ? ಅಷ್ಟಕ್ಕೂ ನಿಮ್ಮ ಪತ್ರಿಕೆಯ ಹಿಂದಿನ ಪುಟದಲ್ಲಿ ಇರೋದು ಯಾರ ಜಾಹೀರಾತು?”

ಸರ್, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಸಿಟ್ಟಿನಲ್ಲೂ ಒಂದು ಸಾಲು ಸೊಟ್ಟ ಆಗಿಲ್ಲ. ನಿಮ್ಮ ಮಾತಿನಲ್ಲಿ ಸತ್ಯವೂ ಇದೆ. ಬಿಲ್ಡರ್ ಅಂದ ಕೂಡಲೇ ಕಳ್ಳ ಅನ್ನೋದು ಸರಿಯಲ್ಲ. ಕಾಗದ ಎಲ್ಲಾ ಸರಿ ಇಟ್ಟುಕೊಂಡು ತಿಂಗಳುಗಟ್ಟಲೆ ಪಾಲಿಕೆ ಮೆಟ್ಟಿಲು ಹತ್ತಿಳಿದವರನ್ನು ನಾನೂ ಬಲ್ಲೆ. ಆಯ್ತು, ಇನ್ನು ಜಗಳ.

ಗಣೇಶನಿಗೆ ಪಟ್ಟಿ ಕೊಟ್ಟರೆ ಹುಡುಗರು ರಸೀದಿ ಹರಿದು ಕೊಡ್ತಾರೆ. ಮೈಕಿನಲ್ಲಿ ಹೆಸರು ಕೂಗ್ತಾರೆ. ಹನ್ನೊಂದನೇ ದಿನ ಗಣೇಶ ನೀರಿಗೆ ಹೋಗ್ತಾನೆ. ಕಾರ್ಪೊರೇಟರ್ ಐದು ವರ್ಷ ಇರ್ತಾನೆ, ಮತ್ತು ಅವನಿಗೆ ಕೊಟ್ಟದ್ದಕ್ಕೆ ಯಾರೂ ರಸೀದಿ ಹರಿದದ್ದು ನಾನು ನೋಡಿಲ್ಲ.

ದೇಣಿಗೆ ಅಂದರೆ ನೋಟಿನ ಕಟ್ಟು ಅಂದುಕೊಂಡಿದ್ದೀರಿ ಅಲ್ವಾ? ಪಾಲಿಕೆ ಚುನಾವಣೆ ಸಮಯದಲ್ಲಿ ನಮ್ಮ ಓಣಿಯ ಒಬ್ಬ ಅಭ್ಯರ್ಥಿಯ ಆಫೀಸು ಇದ್ದದ್ದು ಹೊಸ ಅಪಾರ್ಟ್‌ಮೆಂಟಿನ ಕೆಳಗಿನ ಖಾಲಿ ಅಂಗಡಿಯಲ್ಲಿ. ಶಟರ್‌ಗೆ ಹಚ್ಚಿದ ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು. ಒಳಗೆ ಬಾಡಿಗೆ ಕುರ್ಚಿ, ಮೂಲೆಯಲ್ಲಿ ಪಲಾವ್ ಪಾತೆಲೆ, ಗೋಡೆಗೆ ಒರಗಿಸಿದ ಫ್ಲೆಕ್ಸ್, ಹೊರಗೆ ಎರಡು ಗಾಡಿ. “ಬಾಡಿಗೆ ಎಷ್ಟ್ರೀ?” ಅಂತ ಸುಮ್ನೆ ಕೇಳಿದೆ. ಅಲ್ಲಿದ್ದ ಹುಡುಗ ನಕ್ಕ. “ಬಿಲ್ಡರ್ ಸಾಹೇಬ್ರು ಹಂಗ ಕೊಟ್ಟಾರ್ರೀ.” ಈ ‘ಹಂಗ ಕೊಟ್ಟಾರ’ ಅನ್ನೋದನ್ನು ಖರ್ಚಿನ ಲೆಕ್ಕದ ಯಾವ ಕಾಲಮ್ಮಿನಲ್ಲಿ ಬರೀತಾರೆ, ಹೇಳಿ. ‘ಹಂಗ’ ಕೊಟ್ಟದ್ದು ‘ಹಂಗು’ ಆಗೋಕೆ ಎಷ್ಟು ಹೊತ್ತು ಬೇಕು? ಉಂಡ ಮನೆಯ ಗಳ ಎಣಿಸಬಾರದು ಅಂತ ಹಿರಿಯರು ಹೇಳ್ತಾರೆ. ಆದರೆ ಆ ಅಪಾರ್ಟ್‌ಮೆಂಟಿನ ಗಳ ಎಣಿಸೋದೇ ಕಾರ್ಪೊರೇಟರ್ ಕೆಲಸ. ಎಷ್ಟು ಮಹಡಿ, ಸುತ್ತ ಎಷ್ಟು ಅಡಿ ಬಿಟ್ಟಿದ್ದಾರೆ, ಪಾರ್ಕಿಂಗ್ ಜಾಗದಲ್ಲಿ ಅಂಗಡಿ ಯಾಕೆ ಬಂತು?

ಸಹಿ ಅಧಿಕಾರಿಯದ್ದು ಅಂತೀರಿ. ಹೌದು, ಕಟ್ಟಡದ ಪರವಾನಗಿ ಆಯುಕ್ತರ ಕಡೆಯಿಂದ ಬರುತ್ತದೆ, ಲೇಔಟ್ ಮಂಜೂರಾತಿ ಹುಡಾದಿಂದ, ಅಂದರೆ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದಿಂದ. ಆದರೆ 2021ರ ಚುನಾವಣೆಯಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ 82 ಸದಸ್ಯರು ಆರಿಸಿ ಬಂದರು, ನಗರ ಯೋಜನೆಗೆ ಅಂತಲೇ ಒಂದು ಸ್ಥಾಯಿ ಸಮಿತಿ ಇದೆ. ಹುಡಾದ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ, ಶಾಸಕರೂ ಅಲ್ಲಿ ಕೂರ್ತಾರೆ. ಸಹಿ ಅಧಿಕಾರಿಯದ್ದೇ ಇರಬಹುದು. ಯಾವ ಫೈಲು ಮೇಲೆ, ಯಾವುದು ಕೆಳಗೆ, ಯಾವ ತಕರಾರು ಅರ್ಜಿ ಕಾಣೆ, ಇದಕ್ಕೆಲ್ಲ ಸಹಿ ಬೇಕಾಗಿಲ್ಲ. ಒಂದು ಫೋನ್ ಸಾಕು.

ನನ್ನದೇ ಕಥೆ ಕೇಳಿ. ನಾನು ಪ್ಲಾಟ್ ತಗೊಂಡಾಗ ನಕ್ಷೆಯಲ್ಲಿ ಎದುರಿಗೇ ಹಸಿರು ಬಣ್ಣ ಹಚ್ಚಿದ ಚೌಕ ಇತ್ತು. ಪಾರ್ಕ್. ಲೇಔಟಿನಲ್ಲಿ ಇಂತಿಷ್ಟು ಭಾಗ ಪಾರ್ಕು, ಬಯಲಿಗೆ ಬಿಡಬೇಕು ಅಂತ ನಿಯಮ ಇದೆಯಲ್ಲ, ಅದು. ಹೆಂಡತಿಗೆ ಆ ಚೌಕದ ಮೇಲೇ ಆಸೆ, ಮನೆಗಿಂತ ಜಾಸ್ತಿ. ಎರಡು ವರ್ಷ ಬಿಟ್ಟು ಹೋದರೆ ಅಲ್ಲಿ ಬುನಾದಿ ತೋಡಿದ್ದರು. ಉತಾರ (ಜಾಗದ ದಾಖಲೆ) ತೆಗೆಸಿದೆ, ಅರ್ಜಿ ಕೊಟ್ಟೆ, ಮತ್ತೆ ಕೊಟ್ಟೆ. ವಾರ್ಡಿನ ಸದಸ್ಯರ ಮನೆಗೂ ಹೋದೆ. ಚಹಾ ಕೊಟ್ಟರು, “ಮುಂದಿನ ಸಭೆಯೊಳಗ ತಗೀತೀನ್ರಿ” ಅಂದರು. ಆ ಸಭೆ ಇನ್ನೂ ಬಂದಿಲ್ಲ. ಈಗ ಅಲ್ಲಿ ಎರಡು ಮನೆ ಇವೆ, ಒಂದರ ಬಾಗಿಲಲ್ಲಿ ದಾಸವಾಳ ಚೆನ್ನಾಗಿ ಬಂದಿದೆ. ಪುರಾವೆ ಕೇಳಿದಿರಲ್ಲ, ಇಲ್ಲ ಸರ್. ನನ್ನ ಹತ್ತಿರ ಇರೋದು ಆ ಹಸಿರು ಚೌಕದ ಝೆರಾಕ್ಸ್ ಮಾತ್ರ, ಅದೂ ಕಪ್ಪು ಬಿಳುಪು.

ಪುರಾವೆ ಸಿಗೋದಿಲ್ಲ ಅಂತ ಗೊತ್ತಿದ್ದವರೇ ಬೇರೆ ದಾರಿ ಹುಡುಕಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2009ರಲ್ಲಿ ಬಿಲ್ಡರುಗಳ ದೇಣಿಗೆಯನ್ನೇ ನಿಷೇಧಿಸಿತು. ಜೆಫ್ ಮೆಕ್ಲಾಯ್ ಅಂತ ಒಬ್ಬ ದೊಡ್ಡ ಬಿಲ್ಡರ್, 2011ರ ಚುನಾವಣೆಗೆ ಮುಂಚೆ ತನ್ನ ಬೆಂಟ್ಲಿ ಕಾರಿನಲ್ಲಿ ಕೂತು ಅಭ್ಯರ್ಥಿಗೆ 10,000 ಡಾಲರ್ ಇದ್ದ ಲಕೋಟೆ ಕೊಟ್ಟ. ಆಮೇಲೆ ತಾನೇ ನ್ಯೂಕಾಸಲ್ ಊರಿನ ಮೇಯರೂ ಆದ! ವಿಚಾರಣೆಯಲ್ಲಿ ಲಕೋಟೆ ಹೊರಬಿತ್ತು, 2014ರಲ್ಲಿ ಕುರ್ಚಿ ಬಿಟ್ಟ. ಈ ನಿಷೇಧವೇ ತಪ್ಪು ಅಂತ ಅಲ್ಲಿನ ಹೈಕೋರ್ಟಿಗೂ ಹೋದ, ಅದು ಆ ದೇಶದ ಅತಿ ದೊಡ್ಡ ಕೋರ್ಟು, 2015ರಲ್ಲಿ ಸೋತ. ಕ್ಯಾಲಿಫೋರ್ನಿಯಾದವರು ಇನ್ನೊಂದು ಮಾಡಿದ್ದಾರೆ. ಪರವಾನಗಿ ಕೇಳಿ ಬಂದವನಿಂದ ಹಿಂದಿನ 12 ತಿಂಗಳಲ್ಲಿ ದೇಣಿಗೆ ತಗೊಂಡಿದ್ದರೆ ಆ ಫೈಲಿನ ತೀರ್ಮಾನದಲ್ಲಿ ಸದಸ್ಯ ಕೂರುವ ಹಾಗಿಲ್ಲ. 2023ರಿಂದ ಊರಿನ ಕೌನ್ಸಿಲ್ ಸದಸ್ಯರಿಗೂ ಇದು ಅನ್ವಯ. ಮಿತಿ 250 ಡಾಲರ್ ಇತ್ತು, ಈಗ 500. ನಮ್ಮಲ್ಲಿ ಒಂದಿಷ್ಟು ಫ್ಲೆಕ್ಸಿನ ಲೆಕ್ಕ ಅಷ್ಟೇ.

ನಮ್ಮ ಸುಪ್ರೀಂ ಕೋರ್ಟೂ 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡ್ ರದ್ದು ಮಾಡಿತು, ಹೆಸರು ಹೊರಗೆ ಬರದ ಹಾಗೆ ಬ್ಯಾಂಕಿನ ಮೂಲಕ ಪಕ್ಷಗಳಿಗೆ ದುಡ್ಡು ಕೊಡೋ ದಾರಿ ಅದು. ದುಡ್ಡು ಕೊಟ್ಟವರು ಯಾರು ಅಂತ ಮತದಾರನಿಗೆ ಗೊತ್ತಿರಬೇಕು ಅಂದಿತು. ಪಕ್ಷಗಳು 20,000 ರೂಪಾಯಿ ಮೀರಿದ ದೇಣಿಗೆ ಕೊಟ್ಟವರ ಹೆಸರು ಚುನಾವಣಾ ಆಯೋಗಕ್ಕೆ ಕೊಡಬೇಕು. ಆದರೆ ಖಾಲಿ ಅಂಗಡಿ, ಎರಡು ಗಾಡಿ, ಪಲಾವಿನ ಪಾತೆಲೆ ಯಾವ ಬ್ಯಾಂಕಿನ ಮೂಲಕವೂ ಹೋಗೋದಿಲ್ಲವಲ್ಲ! ನಾನು ಕೇಳೋದು ದೊಡ್ಡದೇನಲ್ಲ. ಅಂಗಡಿ ಯಾರದು, ಗಾಡಿ ಯಾರದು ಅಂತ ವಾರ್ಡ್ ಆಫೀಸಿನ ಬೋರ್ಡಿನಲ್ಲಿ ಬರೀರಿ. ಅವರ ಫೈಲು ಬಂದಾಗ ಆ ಸದಸ್ಯ ಹೊರಗೆ ಹೋಗಿ ಗಿರಮಿಟ್ ತಿನ್ನಲಿ.

ಆದರೆ ಸರ್, ನಾವೇನು ಕಡಿಮೆ? ಎನ್‌ಎ ಆಗದ, ಅಂದರೆ ಕಾಗದದಲ್ಲಿ ಇನ್ನೂ ಹೊಲವೇ ಆಗಿರೋ ಗುಂಟೆ ಪ್ಲಾಟನ್ನು ಬಾಂಡ್ ಪೇಪರಿನ ಮೇಲೆ ತಗೊಳ್ಳೋರು ನಾವೇ. ಮನೆ ಕಟ್ಟುವಾಗ ಬಿಡಬೇಕಾದ ಜಾಗದಲ್ಲಿ ಮೆಟ್ಟಿಲು ಇಳಿಸಿ, ಅಕ್ರಮ ಸಕ್ರಮ ಬರುತ್ತೆ ಬಿಡು ಅನ್ನೋರೂ ನಾವೇ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡವನ್ನು ಸಕ್ರಮ ಮಾಡೋ ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ನಮ್ಮ ಮೆಟ್ಟಿಲು ನಿಲ್ಲಲಿಲ್ಲ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು 19 ಜನ ಹೋದರು. ಅದಕ್ಕೂ ಚುನಾವಣೆ ದುಡ್ಡಿಗೂ ನಾನು ಗಂಟು ಹಾಕ್ತಿಲ್ಲ. ಆದರೆ ಆ ವಾರ ಎಲ್ಲರೂ ಪರವಾನಗಿ, ನಕ್ಷೆ, ಪಿಲ್ಲರ್ ಅಂತ ಮಾತಾಡಿದರು. ನಾನೂ ಸಂಪಾದಕೀಯ ಬರೆದೆ. ಮುಂದಿನ ಸಂಚಿಕೆಗೆ ಮಾವಿನಹಣ್ಣಿನ ಲೇಖನ ಹಾಕಿದೆ.

ಇನ್ನು ಹಿಂದಿನ ಪುಟದ ಪ್ರಶ್ನೆ. ಸರಿಯಾದ ಜಾಗಕ್ಕೇ ಹೊಡೆದಿದ್ದೀರಿ. ಈ ಸಂಚಿಕೆಯಲ್ಲೂ ಅಲ್ಲಿ ಪ್ಲಾಟಿನ ಜಾಹೀರಾತೇ ಇದೆ. ಅದಿಲ್ಲದಿದ್ದರೆ ಕಾಗದದ ಬಿಲ್ಲು ಕಟ್ಟೋಕೆ ಆಗೋದಿಲ್ಲ. ನಿಮ್ಮ ಪತ್ರ ಬಂದ ದಿನವೇ ಯಾರು ಎಷ್ಟು ಕೊಟ್ಟಿದ್ದಾರೆ ಅಂತ ಬರೆದು ಆಫೀಸಿನ ಬಾಗಿಲಿಗೆ ಅಂಟಿಸಿದ್ದೀನಿ. ನಮ್ಮ ಮ್ಯಾನೇಜರ್ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. ಈ ಕಡೆ ಬಂದಾಗ ಓದಿಕೊಂಡು ಹೋಗಿ. ಚಹಾ ಕುಡಿಯೋಣ, ನಿಮ್ಮ ಚಹಾದ ದುಡ್ಡು ಮಾತ್ರ ನೀವೇ ಕೊಡಿ.

— ಸಂಪಾದಕ