ಮೂರು ಡಬ್ಲ್ಯೂ ಇಲ್ಲದೆ ತೆರೆಯದ ಬೆಲ್ಲದ ತಾಣ: ನೇಮ್ ಸರ್ವರ್ ಮುಟ್ಟಬೇಡಿ

ಪಾಂಡವಪುರದ ಸ್ನೇಹಿತರಿಗೆ ಮೈಸೂರಿನಿಂದ ನಮಸ್ಕಾರ. ತಾವು ಆಲೆಮನೆಯ ಹೆಸರಿನಲ್ಲಿ ಡಾಟ್ ಕಾಮ್ ವಿಳಾಸವೊಂದನ್ನು ಕೊಂಡು, ಗೂಗಲ್‌ನವರ ಬ್ಲಾಗರ್ ಸೇವೆಯಲ್ಲಿ ಕಟ್ಟಿದ ತಾಣಕ್ಕೆ ಜೋಡಿಸಿದ್ದೀರಿ. ಹೆಸರಿನ ಮುಂದೆ ಮೂರು ಡಬ್ಲ್ಯೂ ಹಾಕಿದರೆ ತಾಣ ಸರಿಯಾಗಿ ತೆರೆಯುತ್ತದೆ. ಬರಿಯ ಹೆಸರನ್ನು ಹೊಡೆದರೆ ಒಮ್ಮೆ ತಮ್ಮ ಬೆಲ್ಲದ ಪುಟ, ಇನ್ನೊಮ್ಮೆ ಡೊಮೈನ್ ಮಾರಿದ ಕಂಪನಿಯ ಜಾಹೀರಾತು ಪುಟ ಬರುತ್ತದೆ. ಅದೇ ಹೆಸರಿನ ಇಮೇಲ್‌ಗೆ ಅಂಗಡಿಗಳವರಿಂದ ಆರ್ಡರ್ ಬರುತ್ತಿದೆ ಎಂದೂ ತಿಳಿಸಿದ್ದೀರಿ. ತಮ್ಮ ಪ್ರಶ್ನೆಗೆ ಉತ್ತರವಾಗಿ ಇಲ್ಲಿಯೇ ಒಬ್ಬರು ನೇಮ್ ಸರ್ವರನ್ನೇ ಬದಲಿಸಿಬಿಡಿ ಎಂದಿದ್ದಾರೆ. ದಯವಿಟ್ಟು ಅದೊಂದನ್ನು ಮಾಡಬೇಡಿ.

ನಮ್ಮ ಕಡೆಯವರಿಗೆ ಇದನ್ನು ನಾಲೆಯ ಲೆಕ್ಕದಲ್ಲಿ ಹೇಳುವುದು ಸುಲಭ. ನೇಮ್ ಸರ್ವರ್ ಎಂಬುದು ನೀರುಗಂಟಿ ಇದ್ದ ಹಾಗೆ; ಯಾವ ತೂಬಿನ ನೀರು ಯಾರ ಗದ್ದೆಗೆ ಎಂಬ ಲೆಕ್ಕವೆಲ್ಲ ಅವನ ಬಳಿ ಇರುತ್ತದೆ. ಡಿಎನ್‌ಎಸ್ ಎಂದರೆ ತಾಣದ ಹೆಸರನ್ನು ಅದರ ಅಂಕಿಗಳ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ; ಅದರ ಪಟ್ಟಿಯಲ್ಲಿರುವ ಒಂದೊಂದು ರೆಕಾರ್ಡ್ ಒಂದೊಂದು ತೂಬು. ಒಂದು ಗದ್ದೆಗೆ ನೀರು ಏರುತ್ತಿಲ್ಲವೆಂದು ನೀರುಗಂಟಿಯನ್ನೇ ಬದಲಿಸಿದರೆ, ಹೊಸಬನಿಗೆ ಉಳಿದ ಗದ್ದೆಗಳ ಲೆಕ್ಕ ತಿಳಿದಿರುವುದಿಲ್ಲ. ತಮ್ಮ ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಈಗಿನ ಪಟ್ಟಿಯಲ್ಲಿದೆ; ಹೊಸ ನೇಮ್ ಸರ್ವರಿನಲ್ಲಿ ಅದನ್ನು ತಾವೇ ಮತ್ತೆ ಬರೆಯದಿದ್ದರೆ ತಾಣ ತೆರೆದುಕೊಂಡರೂ ಆರ್ಡರ್‌ಗಳು ನಿಂತುಹೋಗುತ್ತವೆ. ನನ್ನ ಸಸ್ಯಕ್ಷೇತ್ರದ ತಾಣಕ್ಕೆ ನಾನೇ ಹೀಗೆ ಮಾಡಿಕೊಂಡು, ಎರಡು ದಿನ ಮಲ್ಲಿಗೆ ಸಸಿ ಕೇಳಿ ಯಾರೂ ಬರೆಯಲಿಲ್ಲವಲ್ಲ ಎಂದು ಅಚ್ಚರಿಪಟ್ಟು, ಮೂರನೆಯ ದಿನ ಗಿರಾಕಿಯೊಬ್ಬರು ಫೋನ್ ಮಾಡಿ ಇಮೇಲ್ ವಾಪಸು ಬರುತ್ತಿದೆ ಎಂದಾಗ ತಪ್ಪು ತಿಳಿದೆ. ಅಷ್ಟಕ್ಕೂ ಬ್ಲಾಗರ್ ತನ್ನದೆಂದು ನೇಮ್ ಸರ್ವರ್ ಕೊಡುವುದೇ ಇಲ್ಲ. ನೇಮ್ ಸರ್ವರ್ ಬದಲಿಸುವ ಕ್ರಮ ವರ್ಡ್‌ಪ್ರೆಸ್ ಡಾಟ್ ಕಾಮ್‌ನಂತಹ ಬೇರೆ ವೇದಿಕೆಗಳದು. ಸಲಹೆ ನೀಡಿದವರು ಬಹುಶಃ ಅದನ್ನು ನೆನೆದಿರಬೇಕು.

ಇನ್ನು ತಮ್ಮ ತೊಂದರೆಯ ಮೂಲಕ್ಕೆ ಬರುತ್ತೇನೆ. ಮೂರು ಡಬ್ಲ್ಯೂ ಇರುವ ಹೆಸರು ಮತ್ತು ಬರಿಯ ಹೆಸರು ಡಿಎನ್‌ಎಸ್ ಲೆಕ್ಕದಲ್ಲಿ ಎರಡು ಬೇರೆ ಬೇರೆ ಹೆಸರುಗಳು. ಮೊದಲನೆಯದಕ್ಕೆ ತಾವು ಸಿನೇಮ್ ರೆಕಾರ್ಡ್, ಅಂದರೆ ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ರೆಕಾರ್ಡ್ ಹಾಕಿ ಅದನ್ನು ಜಿಎಚ್‌ಎಸ್ ಡಾಟ್ ಗೂಗಲ್ ಡಾಟ್ ಕಾಮ್ ಎಂಬ ಹೆಸರಿಗೆ ತೋರಿಸಿದ್ದೀರಿ; ಅದು ಸರಿಯಾಗಿದೆ. ಬರಿಯ ಹೆಸರಿಗೆ ಸಿನೇಮ್ ಹಾಕಲು ಬರುವುದಿಲ್ಲ. ಏಕೆಂದರೆ ಸಿನೇಮ್ ಇರುವ ಹೆಸರಿನಲ್ಲಿ ಬೇರೆ ರೆಕಾರ್ಡ್ ಇರಕೂಡದು ಎಂಬುದು 1987ರಲ್ಲಿ ಡಿಎನ್‌ಎಸ್ ನಿಯಮಗಳನ್ನು ಬರೆದಾಗಿನಿಂದಲೂ ಇರುವ ಕಟ್ಟು. ಬರಿಯ ಹೆಸರಿನಲ್ಲಾದರೋ ನೇಮ್ ಸರ್ವರಿನ ರೆಕಾರ್ಡ್ ಇರಲೇಬೇಕು, ತಮ್ಮ ಎಂಎಕ್ಸ್ ಕೂಡ ಅಲ್ಲೇ ಇದೆ. ಆದ್ದರಿಂದ ಅಲ್ಲಿಗೆ ಎ ರೆಕಾರ್ಡ್ ಬೇಕು, ಅಂದರೆ ಹೆಸರಿಗೆ ನೇರವಾಗಿ ಅಂಕಿಗಳ ವಿಳಾಸ. ಬ್ಲಾಗರ್‌ಗೆ ಇಂತಹ ವಿಳಾಸಗಳು ನಾಲ್ಕು: 216.239.32.21, 216.239.34.21, 216.239.36.21 ಮತ್ತು 216.239.38.21. ನಾಲ್ಕನ್ನೂ ನಾಲ್ಕು ಪ್ರತ್ಯೇಕ ರೆಕಾರ್ಡ್‌ಗಳಾಗಿ ಹಾಕಬೇಕು.

ತಾವು ಇವನ್ನು ಹಾಕಿದ್ದೀರಿ, ಆದರೆ ಡೊಮೈನ್ ಕೊಂಡ ದಿನ ಆ ಕಂಪನಿಯವರು ತಮ್ಮ ಜಾಹೀರಾತು ಪುಟಕ್ಕೆ ಹಾಕಿಟ್ಟಿದ್ದ ಹಳೆಯ ಎ ರೆಕಾರ್ಡನ್ನು ಅಳಿಸಿಲ್ಲ ಎಂದು ನನಗೆ ತೋರುತ್ತದೆ. ಒಮ್ಮೆ ಇದು, ಒಮ್ಮೆ ಅದು ಬರುವುದೇ ಅದರ ಗುರುತು. ಒಂದೇ ಹೆಸರಿಗೆ ಐದು ವಿಳಾಸಗಳಿದ್ದರೆ ಡಿಎನ್‌ಎಸ್ ಐದನ್ನೂ ಕೊಡುತ್ತದೆ. ಸರಿ ಯಾವುದು, ತಪ್ಪು ಯಾವುದು ಎಂದು ಅದು ನೋಡುವುದಿಲ್ಲ, ಬ್ರೌಸರ್ ಅವುಗಳಲ್ಲಿ ಒಂದನ್ನು ಹಿಡಿದು ಹೋಗುತ್ತದೆ. ಮೊದಲು ಈಗಿನ ಪಟ್ಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಬರಿಯ ಹೆಸರನ್ನು ಸೂಚಿಸುವ @ ಚಿಹ್ನೆಯ ಎದುರು ಮೇಲಿನ ನಾಲ್ಕನ್ನು ಬಿಟ್ಟು ಬೇರೆ ಯಾವ ಎ ರೆಕಾರ್ಡ್ ಇದ್ದರೂ ಅಳಿಸಿ. ಎಎಎಎ ಎಂಬ ನಾಲ್ಕು ಅಕ್ಷರದ ರೆಕಾರ್ಡ್ ಆ ಜಾಹೀರಾತು ಪುಟಕ್ಕೆಂದು ಇದ್ದರೆ ಅದನ್ನೂ ತೆಗೆಯಿರಿ. ಅದು ಹೊಸ ಬಗೆಯ ಉದ್ದನೆಯ ವಿಳಾಸಕ್ಕೆ ಸಂಬಂಧಿಸಿದ್ದು, ಮೊಬೈಲ್ ಜಾಲಗಳಲ್ಲಿ ಬಹಳ ಬಳಕೆಯಲ್ಲಿದೆ. ಮನೆಯ ಕಂಪ್ಯೂಟರಿನಲ್ಲಿ ಸರಿ ಕಂಡು ಮಗನ ಮೊಬೈಲಿನಲ್ಲಿ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಎಂಎಕ್ಸ್ ಮತ್ತು ಟಿಎಕ್ಸ್‌ಟಿ ಎಂದಿರುವ ಯಾವುದನ್ನೂ ಮುಟ್ಟಬೇಡಿ. ಬ್ಲಾಗರ್ ತಮಗೆಂದೇ ಕೊಟ್ಟ ಎರಡನೆಯ ಸಿನೇಮ್ ನೋಡಲು ಅರ್ಥವಿಲ್ಲದ ಅಕ್ಷರಗಳ ಸರಮಾಲೆಯಂತಿದ್ದರೂ ಅದು ಡೊಮೈನ್ ತಮ್ಮದೆಂಬುದಕ್ಕೆ ಸಾಕ್ಷಿ, ಅದೂ ಇರಲಿ.

ಬದಲಿಸಿದ ಮೇಲೆ ತಕ್ಷಣ ಕಾಣದಿದ್ದರೆ ಗಾಬರಿಪಟ್ಟು ಮತ್ತೆ ಮತ್ತೆ ತಿದ್ದಬೇಡಿ. ಡಿಎನ್‌ಎಸ್ ಬದಲಾವಣೆ ಕನ್ನಂಬಾಡಿಯಿಂದ ಬಿಟ್ಟ ನೀರಿನಂತೆ ನಿಧಾನವಾಗಿ ಊರೂರಿಗೆ ಹರಿಯುತ್ತದೆ ಎಂದು ಕೆಲವರು ಹೇಳುವುದುಂಟು. ನಾಲೆಯ ಹೋಲಿಕೆ ಇಲ್ಲಿ ಮಾತ್ರ ಹೊಂದುವುದಿಲ್ಲ. ಹೊಸ ಉತ್ತರ ತಮ್ಮ ನೇಮ್ ಸರ್ವರಿನಲ್ಲಿ ಆಗಲೇ ಸಿದ್ಧವಾಗಿರುತ್ತದೆ. ಮೊದಲೇ ಕೇಳಿದವರು ಹಳೆಯ ಉತ್ತರವನ್ನು ಅದರ ಅವಧಿ ಮುಗಿಯುವವರೆಗೆ ಇಟ್ಟುಕೊಂಡಿರುತ್ತಾರೆ, ಅಷ್ಟೆ. ಆ ಅವಧಿಯೇ ರೆಕಾರ್ಡಿನ ಪಕ್ಕದಲ್ಲಿ ಕಾಣುವ ಟಿಟಿಎಲ್, ಸೆಕೆಂಡುಗಳಲ್ಲಿ. 3600 ಎಂದಿದ್ದರೆ ಒಂದು ಗಂಟೆ, 86400 ಎಂದಿದ್ದರೆ ಒಂದು ದಿನ. ತಮ್ಮದು ದೊಡ್ಡ ಅಂಕಿಯಾಗಿದ್ದರೆ ಇವತ್ತು ಅದನ್ನಷ್ಟೇ 300ಕ್ಕೆ ಇಳಿಸಿ, ನಾಳೆ ಹಳೆಯ ರೆಕಾರ್ಡ್ ಅಳಿಸಿದರೆ ಐದು ನಿಮಿಷದ ಕಾಯುವಿಕೆಯಲ್ಲಿ ಫಲಿತಾಂಶ ತಿಳಿಯುತ್ತದೆ. ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿಯೂ ಒಮ್ಮೆ ತೆರೆದು ನೋಡಿ.

ಇಷ್ಟಾದ ಮೇಲೆ ಬ್ಲಾಗರ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಸ್ವಂತ ಡೊಮೈನ್ ಬರೆದಿರುವ ಜಾಗದ ಸಮೀಪದಲ್ಲೇ ಇರುವ ರೀಡೈರೆಕ್ಟ್ ಗುಂಡಿಯನ್ನು ಒತ್ತಿ ಚಾಲೂ ಮಾಡಿ. ಬರಿಯ ಹೆಸರಿನಲ್ಲಿ ಬಂದವರನ್ನು ಮೂರು ಡಬ್ಲ್ಯೂ ಇರುವ ವಿಳಾಸಕ್ಕೆ ಕಳುಹಿಸುವುದು ಅದೇ. ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಚ್‌ಟಿಟಿಪಿಎಸ್ ಗುಂಡಿಯೂ ಅಲ್ಲೇ ಕೆಳಗಿದೆ, ಅದನ್ನೂ ಚಾಲೂ ಮಾಡಿ. ಅದಕ್ಕೆ ಬೇಕಾದ ಪ್ರಮಾಣಪತ್ರ ಸಿದ್ಧವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುವುದರಿಂದ ಅಲ್ಲಿಯವರೆಗೆ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರಬಹುದು. ಬೆಲ್ಲದ ಡಬ್ಬಿಯ ಲೇಬಲ್ಲಿಗೆ ಕ್ಯೂಆರ್ ಕೋಡ್ ಮುದ್ರಿಸುವ ಯೋಚನೆ ಇದೆ ಎಂದಿದ್ದೀರಿ. ಆ ಎಚ್ಚರಿಕೆ ಹೋಗುವವರೆಗೆ ಮುದ್ರಣಕ್ಕೆ ಕೊಡಬೇಡಿ.

ತಾವು ಕೇಳದಿದ್ದರೂ ಇನ್ನೊಂದು ಮಾತು: ತಾಣ ಮಾಡಿಕೊಟ್ಟ ಹುಡುಗ ಡೊಮೈನನ್ನು ಯಾರ ಹೆಸರಿನಲ್ಲಿ, ಯಾರ ಇಮೇಲ್ ಕೊಟ್ಟು ನೋಂದಾಯಿಸಿದ್ದಾನೆ ಎಂಬುದನ್ನು ಈಗಲೇ ನೋಡಿಕೊಳ್ಳಿ. ಗದ್ದೆಯಲ್ಲಿ ಬೆಳೆ ತಮ್ಮದಾಗಿ ಪಹಣಿ ಇನ್ನೊಬ್ಬರ ಹೆಸರಿನಲ್ಲಿದ್ದಂತೆ ಆಗಬಾರದು. ನವೀಕರಣದ ನೆನಪೋಲೆ ಬರುವುದೂ ಆ ಇಮೇಲ್‌ಗೇ.

ಹಳೆಯ ಎ ರೆಕಾರ್ಡ್ ಯಾವುದೆಂದು ತಿಳಿಯದಿದ್ದರೆ, ತೆಗೆದಿಟ್ಟ ಪಟ್ಟಿಯ ಫೋಟೊವನ್ನು ಇಲ್ಲಿಯೇ ಹಾಕಿ. ಖಾತೆಯ ಹೆಸರು, ಫೋನ್ ಸಂಖ್ಯೆ ಕಾಣದಂತೆ ಮುಚ್ಚಿ ಹಾಕಿದರೆ ಸಾಕು, ಸಂಜೆ ತೋಟದಿಂದ ಬಂದು ನೋಡಿ ಹೇಳುತ್ತೇನೆ.