ಹಿಜಾಬ್ ಧರ್ಮದ ಕಾರಣಕ್ಕೆ ಅಂತ ಹುಡುಗಿ ಬಾಯಿಬಿಟ್ಟು ಹೇಳದಿದ್ದರೆ, ಅಮೆರಿಕದ ಕಂಪನಿ ಅವಳಿಗೆ ಕೆಲಸ ನಿರಾಕರಿಸಬಹುದಾ?

ಸಾಮಾನ್ಯವಾಗಿ ಇಲ್ಲ. ಅಲ್ಲಿನ ಕಾನೂನು ನೋಡುವುದು ಅವಳು ಏನು ಹೇಳಿದಳು ಅಂತಲ್ಲ, ಕಂಪನಿ ಯಾಕೆ ಬೇಡ ಅಂದಿತು ಅಂತ.

2008ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಸಮಂತಾ ಎಲಾಫ್ ಕಪ್ಪು ಸ್ಕಾರ್ಫ್ ಕಟ್ಟಿಕೊಂಡು ಅಬರ್‌ಕ್ರಾಂಬಿ ಬಟ್ಟೆ ಕಂಪನಿಯ ಸಂದರ್ಶನಕ್ಕೆ ಹೋದರು. ಸಂದರ್ಶಕಿಗೆ ಒಪ್ಪಿಗೆಯಾಗಿತ್ತು. ಸ್ಕಾರ್ಫ್ ನಮ್ಮ ಉಡುಪಿನ ನಿಯಮಕ್ಕೆ ಹೊಂದಲ್ಲ ಅಂತ ಮೇಲಿನ ಮ್ಯಾನೇಜರ್ ತಡೆದರು. ಆಕೆ ವಿನಾಯಿತಿ ಕೇಳಲೇ ಇಲ್ಲ ಅನ್ನೋದು ಕಂಪನಿಯ ವಾದ. ಅಡ್ಡಿ ಏನು ಅಂತಲೇ ಹೇಳದಿದ್ದರೆ ಆಕೆ ಕೇಳುವುದಾದರೂ ಹೇಗೆ?

2015ರಲ್ಲಿ ಸುಪ್ರೀಂ ಕೋರ್ಟ್ 8-1ರಿಂದ ಆಕೆಯ ಪರ ತೀರ್ಪು ಕೊಟ್ಟಿತು. ಧರ್ಮದ ಆಚರಣೆಗೆ ವಿನಾಯಿತಿ ಕೊಡಬೇಕಾದೀತು ಎಂಬ ಕಾರಣಕ್ಕೆ ದೂರ ಇಟ್ಟರೆ, ಬರೀ ಅನುಮಾನದಿಂದ ಹಾಗೆ ಮಾಡಿದರೂ ಅದು ತಾರತಮ್ಯವೇ. ವಿನಾಯಿತಿಯಿಂದ ವ್ಯಾಪಾರಕ್ಕೆ ನಿಜಕ್ಕೂ ದೊಡ್ಡ ತೊಂದರೆ ಅಂತ ಕಂಪನಿ ತೋರಿಸಿಕೊಟ್ಟರೆ ಮಾತ್ರ ಬೇರೆ ಮಾತು.