ಡೆಲಿಯಲ್ಲಿ ಏನು ತಿನ್ನೋಣ?

ಪ್ರಶ್ನೆ: ನ್ಯೂಯಾರ್ಕಿನ ಯಹೂದಿ ಡೆಲಿಗೆ (ಮಾಂಸ, ಸ್ಯಾಂಡ್‌ವಿಚ್ ಸಿಗುವ ಹೋಟೆಲಿಗೆ) ಹೋಗಬೇಕೆಂದಿದ್ದೇವೆ. ಜೊತೆಯಲ್ಲಿ ಸಸ್ಯಾಹಾರಿಗಳೂ ಇದ್ದಾರೆ. ಏನು ಗಮನಿಸಬೇಕು?

ಉತ್ತರ: 1888ರಿಂದ ನಡೆಯುತ್ತಿರುವ ಅಲ್ಲಿನ ಡೆಲಿ ಕಾಟ್ಸ್‌ನಲ್ಲಿ ಬಾಗಿಲಲ್ಲೇ ತಲೆಗೊಂದು ಬಿಲ್ಲಿನ ಚೀಟಿ ಕೊಡುತ್ತಾರೆ. ಏನೂ ತಿನ್ನದಿದ್ದರೂ ಹೊರಡುವಾಗ ಅದನ್ನು ಒಪ್ಪಿಸಬೇಕು, ಕಳೆದರೆ ದಂಡ. ಪಸ್ಟ್ರಾಮಿ ಎಂದರೆ ದನದ ಮಾಂಸ: ಉಪ್ಪಿನಲ್ಲಿ ನೆನೆಸಿ, ಮೆಣಸು, ಕೊತ್ತಂಬರಿ ಬೀಜ ಮೆತ್ತಿ, ಹೊಗೆ ಹಾಕಿ, ಕೊನೆಗೆ ಹಬೆಯಲ್ಲಿ ಬೇಯಿಸಿದ್ದು. ಕೊಯ್ದ ಚೂರುಗಳನ್ನು ರೈ ಧಾನ್ಯದ ಬ್ರೆಡ್ಡಿಗೆ ಸಾಸಿವೆ ಸವರಿ ಪೇರಿಸುತ್ತಾರೆ. ಒಂದು ಸ್ಯಾಂಡ್‌ವಿಚ್ ಇಬ್ಬರಿಗೆ ಧಾರಾಳ. ಮೇಯೊನೇಸ್ ಮಾತ್ರ ಕೇಳಬೇಡಿ!

ಸಸ್ಯಾಹಾರಿಗಳು ಮೋಸಹೋಗುವುದು ಮಾತ್ಸೊ (ಹುಳಿ ಬರಿಸದ ರೊಟ್ಟಿಯ ಪುಡಿ) ಉಂಡೆ ಸೂಪಿನಲ್ಲಿ. ಅದರ ಸಾರು ಕೋಳಿಯದು. ಹಿಟ್ಟಿನ ಹೊದಿಕೆಯೊಳಗೆ ಆಲೂಗಡ್ಡೆ ಹೂರಣ ತುಂಬಿದ ಕ್ನಿಶ್ ಆಗಬಹುದು, ಆದರೆ ಮೊಟ್ಟೆ, ಕೋಳಿಕೊಬ್ಬು ಇದೆಯೇ ಎಂದು ಕೇಳಿಕೊಳ್ಳಿ. ಉಪ್ಪುನೀರಿನ ಸೌತೆಗೆ ಚಿಂತೆಯಿಲ್ಲ. ಕಟ್ಟುನಿಟ್ಟಿನ ಕೋಷರ್ (ಮಾಂಸ, ಹಾಲು ಬೆರೆಸದ ಯಹೂದಿ ಆಹಾರ ನಿಯಮ) ಪಾಲಿಸುವ ಮಾಂಸದ ಡೆಲಿಯಲ್ಲಿ ಚೀಸ್, ಹಾಲಿನ ಕಾಫಿ ಎರಡೂ ಸಿಗದು. ಕಾಟ್ಸ್ ಕೋಷರ್ ಅಲ್ಲ.